ಉಳಿದ ಮೈ ಯಾರ ಸೊತ್ತು?

ಹೊಟ್ಟೆಗಿಲ್ಲದವರ ನಾಡಲ್ಲಿ ಕೂತು ಹೊಟ್ಟೆ ಕೊಯ್ಸಿಕೊಂಡವರ ಮಾತು ಯಾಕಯ್ಯಾ ಅಂತ ಗೆಳೆಯರು ಕೇಳಬಹುದು. ಕೇಳಲಿ. ಅದಕ್ಕೆ ಉತ್ತರ ಕೊಟ್ಟೇ ಮುಂದೆ ಹೋಗ್ತೇನೆ.

ಅಮೆರಿಕದಲ್ಲಿ ಬೊಜ್ಜು ಅನ್ನೋದು ಉಂಡು ಕೊಬ್ಬಿದವರ ಕಾಯಿಲೆಯಾಗಿ ಉಳಿದಿಲ್ಲ. 2017-18ರ ಅಲ್ಲಿನ ಸರ್ಕಾರಿ ಲೆಕ್ಕದಲ್ಲಿ ವಯಸ್ಕರ ಪೈಕಿ ನೂರಕ್ಕೆ 42 ಮಂದಿಗೆ ಬೊಜ್ಜು. ಕಪ್ಪು ಹೆಂಗಸರಲ್ಲಿ ನೂರಕ್ಕೆ ಸುಮಾರು 57 ಮಂದಿಗೆ. ಬಡವರ ಕೇರಿಗಳಲ್ಲಿ ಸೊಪ್ಪು ತರಕಾರಿ ಸಿಗುವ ಅಂಗಡಿ ದೂರ. ಸಕ್ಕರೆ ನೀರು, ಕರಿದ ತಿಂಡಿ ಮಾತ್ರ ಮೂಲೆ ಮೂಲೆಯಲ್ಲೂ ಅಗ್ಗ. ಎರಡೆರಡು ಕಡೆ ದುಡಿದು ಬರುವ ತಾಯಿ ಮಕ್ಕಳಿಗೆ ಏನು ಕೈಗೆ ಸಿಗುತ್ತೋ ಅದನ್ನೇ ಕೊಡಬೇಕು, ತಾನೂ ಅದನ್ನೇ ತಿನ್ನಬೇಕು. ಆಮೇಲೆ ಅದೇ ವ್ಯವಸ್ಥೆ ಅವಳನ್ನ ಸೋಮಾರಿ ಅಂತ ಕರೆಯುತ್ತೆ.

ಬೊಜ್ಜು ಅಳೆಯೋ ಕೋಲಿನ ಕತೆಯೂ ಇದೇ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಲೆಕ್ಕವನ್ನ 1830ರ ದಶಕದಲ್ಲಿ ಮಾಡಿದವನು ಬೆಲ್ಜಿಯಂನ ಕ್ವೆಟೆಲೆ. ಅವನು ಡಾಕ್ಟರಲ್ಲ, ಅಂಕಿಅಂಶದವನು. ಹುಡುಕುತ್ತಿದ್ದದ್ದು 'ಸರಾಸರಿ ಮನುಷ್ಯ'ನನ್ನ. 1972ರಲ್ಲಿ ಆನ್ಸೆಲ್ ಕೀಸ್ ಅದಕ್ಕೆ ಬಾಡಿ ಮಾಸ್ ಇಂಡೆಕ್ಸ್ ಅಂತ ಹೆಸರಿಟ್ಟ. ಈ ಅಳತೆ ಹೆಚ್ಚಾಗಿ ಬಿಳಿಯರ ಮೈಯಿಂದ ಹುಟ್ಟಿದ್ದು, ಇದರಿಂದ ಉಳಿದವರಿಗೆ ಅನ್ಯಾಯವಾಗಿದೆ ಅಂತ ಅಮೆರಿಕದ ವೈದ್ಯರ ಸಂಘ ಒಪ್ಪಿಕೊಂಡದ್ದು 2023ರಲ್ಲಿ. ಅಷ್ಟರೊಳಗೆ ಎಷ್ಟು ಹೆಂಗಸರು ಈ ಕೋಲಿನ ಕೆಳಗೆ ತಲೆ ತಗ್ಗಿಸಿ ನಿಂತಿದ್ದರು!

ಹಾಗಂತ ಕಾಯಿಲೆ ಸುಳ್ಳಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಸವೆದ ಮಂಡಿ — ಇವೆಲ್ಲ ನಿಜ. ಅದಕ್ಕೇ ಆಪರೇಷನ್ನು. ಒಂದು ಬಗೆಯಲ್ಲಿ ಜಠರದ ಸುಮಾರು ನೂರಕ್ಕೆ 80 ಪಾಲು ಕತ್ತರಿಸಿ ತೆಗೆದು ಬಾಳೆಹಣ್ಣಿನಷ್ಟು ಉಳಿಸ್ತಾರೆ. ಇನ್ನೊಂದರಲ್ಲಿ ಮೊಟ್ಟೆಯಷ್ಟು ಚೀಲ ಮಾಡಿ ಕರುಳಿಗೆ ಜೋಡಿಸ್ತಾರೆ. ಅಮೆರಿಕದಲ್ಲಿ ಈ ಆಪರೇಷನ್ ಮಾಡಿಸಿಕೊಳ್ಳುವವರಲ್ಲಿ ಐದಕ್ಕೆ ನಾಲ್ವರು ಹೆಂಗಸರು. ಅವರಲ್ಲಿ ಕೆಲವರು, ಮೈ ಹಗುರಾದ ಮೇಲೆ, ಹೋಗಿ ಫುಟ್‌ಬಾಲ್ ಆಡ್ತಾರೆ.

ನಾವು ಬಲ್ಲ ಕಾಲ್ಚೆಂಡಲ್ಲ ಅದು. ತುದಿ ಚೂಪಾದ ಚೆಂಡು, ಕಡೆಗೆ ಹನ್ನೊಂದು ಜನ, ತಲೆಗೆ ಹೆಲ್ಮೆಟ್ಟು, ಭುಜಕ್ಕೆ ಕವಚ. ಚೆಂಡು ಹಿಡಿದು ಓಡುವವಳನ್ನ ಇನ್ನೊಬ್ಬಳು ಅಪ್ಪಿ ನೆಲಕ್ಕೆ ಕೆಡವಬೇಕು. ಅದೇ ಟ್ಯಾಕಲ್. ಮುಂದಿನ ಸಾಲಿನ ಐವರು ಚೆಂಡನ್ನ ಹಿಡಿದು ಓಡುವುದೇ ಅಪರೂಪ. ಎದುರಿನವರನ್ನ ತಡೆದು ನಿಲ್ಲೋದೇ ಅವರ ದುಡಿಮೆ. ಭಾರದ ಮೈಗೆ ಬೆಲೆ ಇರೋ ಜಾಗ ಅದು. ಬಸ್ಸಿನಲ್ಲಿ, ಬಟ್ಟೆಯಂಗಡಿಯಲ್ಲಿ, ಮದುವೆ ಮನೆಯಲ್ಲಿ ಹೆಚ್ಚಾಗಿ ಕಂಡ ಮೈಯನ್ನ ಅಲ್ಲಿ 'ಬಾ, ನೀನು ಬೇಕು' ಅಂತ ಕರೀತಾರೆ.

ಹೆಂಗಸರ ಈ ಆಟವನ್ನ 1967ರಲ್ಲಿ ಕ್ಲೀವ್‌ಲ್ಯಾಂಡಿನ ಸಿಡ್ ಫ್ರೀಡ್‌ಮನ್ ಶುರು ಮಾಡಿದ್ದು ತಮಾಷೆಯ ವ್ಯಾಪಾರವಾಗಿ. ಬಂದವರು ಅದನ್ನ ತಮಾಷೆಯಾಗಿ ಉಳಿಯಗೊಡಲಿಲ್ಲ. 1971ರಲ್ಲಿ ಹುಟ್ಟಿದ ಟೊಲೆಡೊ ಟ್ರೂಪರ್ಸ್ ತಂಡದಲ್ಲಿ ಲಿಂಡಾ ಜೆಫರ್ಸನ್ ಎಂಬ ಕಪ್ಪು ಹೆಣ್ಣುಮಗಳು ಓಡಿದ ಓಟ ಚರಿತ್ರೆಯಾಯ್ತು. ಆದರೂ ವ್ಯಾಪಾರ ಬಿಡಲಿಲ್ಲ. 2009ರಲ್ಲಿ ಎರಡು ಲೀಗುಗಳು ಶುರುವಾದವು. ಒಂದರಲ್ಲಿ ಒಳಉಡುಪಿನಂಥ ತುಂಡು ಬಟ್ಟೆ ತೊಡಿಸಿ ಆಡಿಸಿದರು. ಅದರ ಹೆಸರೇ ಲಾಂಜರಿ ಫುಟ್‌ಬಾಲ್ ಲೀಗ್, 2013ರಲ್ಲಿ ಹೆಸರು ಬದಲಾಯಿಸಿಕೊಂಡಿತು. ಇನ್ನೊಂದು ವಿಮೆನ್ಸ್ ಫುಟ್‌ಬಾಲ್ ಅಲಯನ್ಸ್. ಇಲ್ಲಿ ಮೈತುಂಬ ಕವಚ ತೊಟ್ಟು ಆಡುವ ಹೆಂಗಸರಲ್ಲಿ ಬಹುಪಾಲು ಜನ ಹಗಲು ದುಡಿದು, ತಮ್ಮ ಕೈಯಿಂದಲೇ ದುಡ್ಡು ಹಾಕಿ ಆಡ್ತಾರೆ. ನೋಡುವವನ ಮೈ ಒಂದು ಕಡೆ, ಆಡುವವಳ ಮೈ ಇನ್ನೊಂದು ಕಡೆ.

ಈಗ ಪ್ರಶ್ನೆಗೆ ಬರೋಣ. ಡಾಕ್ಟರು ಉಳಿಸಿಕೊಟ್ಟ ಮೈಯನ್ನ ಮತ್ತೆ ಗುದ್ದಾಟಕ್ಕೆ ಒಡ್ಡೋದು ಸರಿಯಾ?

ಸರಿಯಲ್ಲ ಅನ್ನುವವರ ಮಾತು ಇದು: ಅಷ್ಟು ಖರ್ಚು, ಅಷ್ಟು ನೋವು, ಮಕ್ಕಳು ಮರಿ ಇದ್ದಾರೆ, ಸಿಕ್ಕ ಜೀವವನ್ನ ಜೋಪಾನ ಮಾಡಬೇಡ್ವಾ? ಕೇಳೋದಕ್ಕೆ ಪ್ರೀತಿಯ ಮಾತು. ಆದರೆ ಮಂಡಿ ಕೊಯ್ಸಿಕೊಂಡು ಮೈದಾನಕ್ಕೆ ಮರಳಿದ ಗಂಡಸಿಗೆ ಯಾರೂ ಹೀಗೆ ಹೇಳಲ್ಲ, ವೀರ ಅಂತಾರೆ. ಸುಮಾರು 150 ಕಿಲೋ ತೂಗುತ್ತಿದ್ದ ವಿಲಿಯಂ ಪೆರ್ರಿಯನ್ನ 'ರೆಫ್ರಿಜರೇಟರ್' ಅಂತ ಮುದ್ದಿನಿಂದ ಕರೆದ ದೇಶ ಅದು. 1986ರ ಸೂಪರ್ ಬೌಲ್‌ನಲ್ಲಿ ಅವನು ಅಂಕ ಗಳಿಸಿದಾಗ ದೇಶವೇ ಕುಣಿಯಿತು. ಗಂಡಿನ ಭಾರ ಬಲ, ಹೆಣ್ಣಿನ ಭಾರ ಪಾಪ! ಪಾಪ ಕಳೆದುಕೊಂಡವಳು ಇನ್ನು ಮೂಲೆಯಲ್ಲಿ ಕೃತಜ್ಞಳಾಗಿ ಕೂತಿರಬೇಕು ಅನ್ನೋದೇ ಆ ಪ್ರೀತಿಯ ಒಳಗಿನ ಮಾತು. ಉಪಕಾರ ಯಜಮಾನಿಕೆ ಆಗೋದು ಹೀಗೆ.

ಆದರೆ 'ನನ್ನ ಮೈ, ನನ್ನಿಷ್ಟ' ಅಂದರೂ ಮಾತು ಮುಗಿಯೋದಿಲ್ಲ. ಅಪಾಯ ನಿಜವಾದದ್ದು. ಆಪರೇಷನ್ ಆದ ಮೈಗೆ ಕಬ್ಬಿಣ, ಕ್ಯಾಲ್ಸಿಯಂ, ಬಿ-12 ಸರಿಯಾಗಿ ದಕ್ಕೋದಿಲ್ಲ. ಜೀವಮಾನವಿಡೀ ಮಾತ್ರೆ ನುಂಗಬೇಕು. ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತೆ, ಮೂಳೆ ತೆಳುವಾಗುತ್ತೆ. ಬಿಸಿಲಲ್ಲಿ ಓಡಿ ಬಂದು ಗಟಗಟ ನೀರು ಕುಡಿಯೋ ಹಾಗಿಲ್ಲ, ಗುಟುಕು ಗುಟುಕಾಗಿ ಕುಡಿಯಬೇಕು. ಆಟಗಾರರು ನೋವಿಗೆ ನುಂಗುವ ಐಬುಪ್ರೊಫೆನ್‌ನಂಥ ಮಾತ್ರೆ ಕರುಳು ಜೋಡಿಸಿಕೊಂಡವಳಿಗೆ ಹುಣ್ಣು ತರಬಹುದು. ತಲೆಗೆ ಬೀಳುವ ಪೆಟ್ಟಂತೂ ಎಲ್ಲರಿಗೂ ಇದ್ದದ್ದೇ.

ಇಲ್ಲೇ ನೋಡಿ ಗಂಟು ಇರೋದು. ಆಪರೇಷನ್ ಮಾಡಿಸಿಕೊಂಡವಳು ಅದನ್ನ ಹೇಳೋಕೆ ನಾಚಿಕೊಳ್ತಾಳೆ. ಯಾಕಂದ್ರೆ 'ಸುಲಭದ ದಾರಿ ಹಿಡಿದಳು' ಅಂತ ಜನ ಆಡಿಕೊಳ್ತಾರೆ. ದಪ್ಪಗಿದ್ದಾಗ ಒಂದು ಅವಮಾನ, ತೆಳ್ಳಗಾದ ಮೇಲೆ ಇನ್ನೊಂದು. ಅವಳು ಮುಚ್ಚಿಟ್ಟರೆ ಪಕ್ಕದಲ್ಲಿ ನಿಂತ ಗೆಳತಿ ಒಳ್ಳೇ ಮನಸ್ಸಿಂದಲೇ ಆ ಮಾತ್ರೆ ಕೊಡ್ತಾಳೆ. ಕೋಚು ನೀರಿಗೆ ಬಿಡದೆ ಓಡಿಸ್ತಾನೆ. ಆಟದ ಅಪಾಯದ ಮೇಲೆ ಅವಮಾನದ ಅಪಾಯವೂ ಸೇರಿಕೊಳ್ಳುತ್ತೆ.

ಹಾಗಾಗಿ ನೀತಿಯ ಪ್ರಶ್ನೆ ಅವಳೊಬ್ಬಳ ಮುಂದೆ ಇಡುವಂಥದ್ದಲ್ಲ. ಆಡೋದು ಬಿಡೋದು ಅವಳ ತೀರ್ಮಾನ. ಆದರೆ ತಿಳಿದು ತೀರ್ಮಾನಿಸೋಕೆ ಬೇಕಾದದ್ದನ್ನ ಡಾಕ್ಟರು ಅವಳಿಗೆ ಬಿಡಿಸಿ ಹೇಳಿದ್ದಾರಾ? ಮೈದಾನದ ಅಂಚಿನಲ್ಲಿ ನೋಡಿಕೊಳ್ಳುವವರು ಇದ್ದಾರಾ? ನಾಚಿಕೆಯಿಲ್ಲದೆ 'ನನ್ನ ಹೊಟ್ಟೆ ಹೀಗಿದೆ' ಅಂತ ಹೇಳಬಹುದಾದ ಗೆಳತಿಯರು ಇದ್ದಾರಾ? ಇವು ಇಲ್ಲದ ಕಡೆ ಸ್ವಾತಂತ್ರ್ಯ ಅನ್ನೋದು ಬರೀ ಮಾತು. ಇವನ್ನ ಕೊಡದವರಿಗೆ ಅವಳಿಗೆ ಬುದ್ಧಿ ಹೇಳೋ ಹಕ್ಕೂ ಇಲ್ಲ.

ಅವಳು ಯಾಕೆ ಆಡ್ತಾಳೆ ಅಂತ ನಾನು ಬಹಳ ಯೋಚಿಸಿದ್ದೇನೆ. ಅಳೆದರು, ತೂಗಿದರು, ಕತ್ತರಿಸಿದರು. ಯಾವಾಗಲೂ ಬೇರೆಯವರ ಕೈ, ಬೇರೆಯವರ ಕಣ್ಣು. ಮೈದಾನದಲ್ಲಿ ಮಾತ್ರ ಇನ್ನೊಬ್ಬಳು ಓಡಿ ಬಂದು ಹೇಸದೆ ಅವಳನ್ನ ಅಪ್ಪಿ ಕೆಡವುತ್ತಾಳೆ. ಆಮೇಲೆ ಅದೇ ಕೈ ಚಾಚಿ ಮೇಲೆತ್ತುತ್ತಾಳೆ. ಎದ್ದು ನಿಂತಾಗ ಆ ಮೈ ಅವಳದು.