ಎಷ್ಟು ಬಿಗಿ, ಎಷ್ಟು ಸಡಿಲ

ಕಳೆದ ಜುಲೈ ಕೊನೆಯ ಒಂದು ಬೆಳಗಿನ ಜಾವ, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಬಝರ್ಡ್ಸ್ ಕೊಲ್ಲಿಯ ದಡದಲ್ಲಿ, ಮೊಣಕಾಲುದ್ದ ನೀರಿನಲ್ಲಿ ನಿಂತು ನಾನೊಂದು ಮೀನನ್ನು ಕೊಂದೆ. ಕೊಲ್ಲುವ ಉದ್ದೇಶವಿರಲಿಲ್ಲ, ಬಿಟ್ಟುಬಿಡುವ ಉದ್ದೇಶವೇ ಇತ್ತು. ತಪ್ಪಾದದ್ದು ರೀಲಿನ ಒಂದು ತಿರುಪಿನಲ್ಲಿ. ಆ ತಿರುಪನ್ನು ಸಡಿಲ ಮಾಡಿದವನು ನಾನೇ, ದಯೆಯಿಂದ. ಕನಿಷ್ಠ ಅದನ್ನು ದಯೆ ಎಂದೇ ಆಗ ನಂಬಿದ್ದೆ.

ನಾನು ಹುಟ್ಟಿದ್ದು ಕುಂದಾಪುರ ಕಡೆಯ ಕಡಲ ಬದಿಯ ಊರಿನಲ್ಲಿ. ಅಪ್ಪ ಕೈರಂಪಣಿ ಬಲೆ ಎಳೆಯುವ ಗುಂಪಿನಲ್ಲಿದ್ದವರು. ನಮ್ಮಲ್ಲಿ ಮೀನು ಹಿಡಿಯುವುದೆಂದರೆ ಬಲೆ, ಬುಟ್ಟಿ, ಪೇಟೆ, ಒಲೆ, ಅಷ್ಟೆ. ಕೋಲು, ರೀಲು ಹಿಡಿದು ಒಂದೊಂದೇ ಮೀನಿನ ಹಿಂದೆ ಬೀಳುವುದನ್ನು ನಾನು ಕಲಿತದ್ದು ತತ್ವಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಲು ಬಾಸ್ಟನ್ನಿಗೆ ಬಂದ ಮೇಲೆ. ಮೊದಲ ಬಾರಿ ಒಂದು ಮೀನು ಹಿಡಿದು, ಫೋಟೊ ತೆಗೆದು, ನೀರಿಗೆ ಬಿಟ್ಟ ಸುದ್ದಿಯನ್ನು ಫೋನಿನಲ್ಲಿ ಹೇಳಿದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ತಿಂಬುಕಲ್ಲ ಅಂದ್ರೆ ಹಿಡುದ್ ಎಂತಕೆ ಮಗಾ?" ನಾನು ಏನೋ ಹಾರಿಕೆಯ ಉತ್ತರ ಕೊಟ್ಟೆ. ಆ ಪ್ರಶ್ನೆ ಎಲ್ಲೂ ಹೋಗಿರಲಿಲ್ಲ ಎಂದು ಗೊತ್ತಾದದ್ದು ಆ ಜುಲೈ ಬೆಳಿಗ್ಗೆ.

ಮೀನಿನ ಹೆಸರು ಸ್ಟ್ರೈಪ್ಡ್ ಬಾಸ್. ಬೆಳ್ಳಿ ಮೈಯ ಮೇಲೆ ತಲೆಯಿಂದ ಬಾಲದವರೆಗೆ ಏಳೆಂಟು ಕಪ್ಪು ಗೆರೆಗಳು. ವಸಂತದಲ್ಲಿ ಚೆಸಪೀಕ್ ಕೊಲ್ಲಿಗೆ ಸೇರುವ ನದಿಗಳಲ್ಲಿ, ಹಡ್ಸನ್ ನದಿಯಲ್ಲಿ ಮೊಟ್ಟೆಯಿಟ್ಟು, ಬೇಸಿಗೆಗೆ ಕರಾವಳಿಗುಂಟ ಉತ್ತರಕ್ಕೆ ಬರುತ್ತದೆ. ಒಂದು ಕಾಲದಲ್ಲಿ ಇದರ ಸಂತತಿ ಎಷ್ಟು ಕುಸಿದಿತ್ತೆಂದರೆ 1985ರಲ್ಲಿ ಮೇರಿಲ್ಯಾಂಡ್ ರಾಜ್ಯ ಇದನ್ನು ಹಿಡಿಯುವುದನ್ನೇ ನಿಷೇಧಿಸಿತು. ನಿಷೇಧ ತೆರವಾದದ್ದು 1990ರಲ್ಲಿ. ಆಮೇಲೆ ಚೇತರಿಸಿಕೊಂಡ ಮೀನು ಈಗ ಮತ್ತೆ ಸಂಕಟದಲ್ಲಿದೆ. 2023ರಿಂದ ಇಲ್ಲಿನ ಕಡಲಿನಲ್ಲಿ ಹವ್ಯಾಸಿಯೊಬ್ಬ ದಿನಕ್ಕೆ ಇಟ್ಟುಕೊಳ್ಳಬಹುದಾದದ್ದು ಒಂದೇ ಮೀನು, ಅದೂ 28 ಇಂಚಿಗೆ ಕಡಿಮೆಯಿಲ್ಲದ, 31 ಇಂಚಿನೊಳಗಿನ ಮೀನು. ಚಿಕ್ಕವು ಇನ್ನೂ ಬೆಳೆಯಬೇಕು. ದೊಡ್ಡವುಗಳಲ್ಲಿ ಹೆಚ್ಚಿನವು ಲಕ್ಷಗಟ್ಟಲೆ ಮೊಟ್ಟೆಯಿಡುವ ತಾಯಂದಿರು. ಹಾಗಾಗಿ ಗಾಳಕ್ಕೆ ಸಿಕ್ಕವುಗಳಲ್ಲಿ ಬಹುಪಾಲು ನೀರಿಗೆ ಮರಳಲೇಬೇಕು.

ಈಗ ಆ ತಿರುಪಿನ ವಿಷಯ. ರೀಲಿನೊಳಗೆ ದಾರ ಸುತ್ತಿದ ಸುರುಳಿಯನ್ನು ಕೆಲವು ಬಿಲ್ಲೆಗಳು ಒತ್ತಿ ಹಿಡಿದಿರುತ್ತವೆ: ಒಂದು ಲೋಹದ್ದು, ಒಂದು ಉಣ್ಣೆಯ ಫೆಲ್ಟ್ ಅಥವಾ ಕಾರ್ಬನ್ನಿನದು, ಹೀಗೆ ಒಂದರ ಮೇಲೊಂದು. ತಿರುಪು ಬಿಗಿ ಮಾಡಿದರೆ ಬಿಲ್ಲೆಗಳ ಘರ್ಷಣೆ ಹೆಚ್ಚುತ್ತದೆ, ಸಡಿಲಿಸಿದರೆ ಕಡಿಮೆಯಾಗುತ್ತದೆ. ಮೀನು ಒಂದು ಮಿತಿಗಿಂತ ಜೋರಾಗಿ ಎಳೆದಾಗ ಸುರುಳಿ ಜಾರಿ ದಾರ ಬಿಡುತ್ತದೆ. ಆ ಮಿತಿಯೇ ಡ್ರ್ಯಾಗ್. ತೀರಾ ಬಿಗಿಯಾದರೆ ದಾರ ತುಂಡಾಗುತ್ತದೆ. ಮೀನು ಬಾಯಲ್ಲಿ ಕೊಕ್ಕೆ, ಬೆನ್ನ ಹಿಂದೆ ಮಾರುದ್ದ ದಾರ ಹೊತ್ತುಕೊಂಡು ಹೋಗುತ್ತದೆ.

ನನಗೆ ಆ ಭಯವೇ ದೊಡ್ಡದಾಗಿತ್ತು. ಹಿಂದಿನ ತಿಂಗಳು ಹಾಗೊಂದು ದಾರ ತುಂಡಾಗಿ, ಆ ಮೀನು ಕೊಕ್ಕೆಯೊಂದಿಗೆ ಎಲ್ಲಿ ಅಲೆಯುತ್ತಿದೆಯೋ ಎಂದು ಎರಡು ದಿನ ಓದಲು ಕೂತರೂ ಅದೇ ಯೋಚನೆ. ಅಂದಿನಿಂದ ಡ್ರ್ಯಾಗನ್ನು ಬಹಳ ಸಡಿಲ ಇಟ್ಟೆ. ಎಳೆಯಲಿ, ಓಡಲಿ, ನಾನು ಒತ್ತಾಯ ಮಾಡುವವನಲ್ಲ ಎನ್ನುವ ಭಾವ. ಆ ಭಾವ ಮನಸ್ಸಿಗೆ ಹಿತವಾಗಿತ್ತು.

ಆ ಬೆಳಿಗ್ಗೆ ಕಚ್ಚಿದ ಮೀನು ಓಡಿತು. ನಾನು ಹತ್ತಿರಕ್ಕೆ ತಂದೆ, ಅದು ಮತ್ತೆ ಓಡಿತು. ಹೀಗೆ ಎಷ್ಟು ಸಲವೋ. ಅರ್ಧ ಗಂಟೆಯಾಗಿರಬೇಕು. ಬೇಸಿಗೆಯ ಆಳವಿಲ್ಲದ ನೀರು ಉಗುರುಬೆಚ್ಚಗಿತ್ತು. ಬಿಸಿಯಾದ ನೀರಿನಲ್ಲಿ ಆಮ್ಲಜನಕ ಕಡಿಮೆ. ಓಡಿ ಓಡಿ ದಣಿದ ಮೀನಿನ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬುತ್ತದೆ, ಸುಧಾರಿಸಿಕೊಳ್ಳಲು ಅದಕ್ಕೆ ಉಸಿರು ಬೇಕು, ಆ ಉಸಿರು ಆ ನೀರಿನಲ್ಲಿರಲಿಲ್ಲ. ಕೈಗೆ ಬಂದಾಗ ಅದು ಮಗ್ಗುಲಾಗಿ ತೇಲುತ್ತಿತ್ತು. ಅಳೆದೆ, 38 ಇಂಚು. ತಲೆಯನ್ನು ಅಲೆಗೆ ಎದುರಾಗಿ ಹಿಡಿದು ಬಹಳ ಹೊತ್ತು ನಿಂತೆ. ಕಿವಿರು ಎರಡು ಮೂರು ಸಲ ತೆರೆದುಕೊಂಡಿತು. ಆಮೇಲೆ ಇಲ್ಲ. 31 ಇಂಚು ಮೀರಿದ ಮೀನನ್ನು ಸತ್ತಿದ್ದರೂ ಇಟ್ಟುಕೊಳ್ಳುವಂತಿಲ್ಲ. ಕಾನೂನಿನಂತೆ ಆ ಹೆಣವನ್ನು ನೀರಿಗೆ ಬಿಟ್ಟೆ. ಊರಿನಲ್ಲಾಗಿದ್ದರೆ ಅದು ಎರಡು ಮನೆಯ ಊಟ.

ಪಕ್ಕದಲ್ಲಿ ಗಾಳ ಹಾಕುತ್ತಿದ್ದ ಮುದುಕರೊಬ್ಬರು ಎಲ್ಲವನ್ನೂ ನೋಡುತ್ತಿದ್ದರು. ಹತ್ತಿರ ಬಂದು ನನ್ನ ದಾರವನ್ನು ಎರಡು ಬೆರಳಲ್ಲಿ ಎಳೆದರು. ಅದು ನೂಲಿನಂತೆ ಬಿಚ್ಚಿಕೊಂಡಿತು. ಬೈಯಲಿಲ್ಲ. ಕಾರಿನಿಂದ ಕೈತಕ್ಕಡಿ ತಂದರು, ನಮ್ಮ ಗುಜರಿಯವರು ಹಳೇ ಪೇಪರು ತೂಗುವಂಥ ಸ್ಪ್ರಿಂಗ್ ತಕ್ಕಡಿ. ದಾರದ ತುದಿಯನ್ನು ಅದರ ಕೊಕ್ಕೆಗೆ ಕಟ್ಟಿ, ಕೋಲನ್ನು ಓರೆಯಾಗಿ ಹಿಡಿಸಿ ಎಳೆದರು. ದಾರ ಜಾರಲು ಶುರುವಾದಾಗ ಮುಳ್ಳು ತೋರಿಸಿದ್ದು ಎರಡು ಪೌಂಡ್. ನನ್ನ ದಾರ ತಾಳಬಲ್ಲದ್ದು 30 ಪೌಂಡ್. ಅದರ ಕಾಲುಭಾಗಕ್ಕೆ ಇಡು ಎಂದರು, ಅಂದರೆ ಸುಮಾರು ಏಳೂವರೆ ಪೌಂಡ್, ಮೂರೂವರೆ ಕಿಲೋಗೆ ತುಸು ಕಡಿಮೆ. ಮಿಕ್ಕ ಮುಕ್ಕಾಲು ಯಾಕೆ ಖಾಲಿ ಎಂದು ಕೇಳಿದೆ. ಗಂಟು ದಾರಕ್ಕಿಂತ ದುರ್ಬಲ. ಬಾಗಿದ ಕೋಲಿನ ಬಳೆಗಳಿಗೆ ಉಜ್ಜಿ ಎಳೆತ ಹೆಚ್ಚುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ದಾರ ಹೊರಗೆ ಹೋದಂತೆ ಸುರುಳಿಯ ಸುತ್ತಳತೆ ಕುಗ್ಗುತ್ತದೆ. ಅದು ಅರ್ಧಕ್ಕಿಳಿದರೆ ತಿರುಪು ಮುಟ್ಟದೆಯೂ ಎಳೆತ ಇಮ್ಮಡಿಯಾಗುತ್ತದೆ. ಕೊನೆಗೆ ಒಂದು ಮಾತು ಹೇಳಿದರು: ಇದನ್ನೆಲ್ಲ ಮನೆಯಲ್ಲಿ ಮಾಡಿಕೊಂಡು ಬಾ, ಮೀನು ಕಚ್ಚಿದ ಮೇಲೆ ತಿರುಪಿಗೆ ಕೈ ಹಾಕಬೇಡ.

ಅತಿ ಬಿಗಿಯೂ ಬೇಡ, ಅತಿ ಸಡಿಲವೂ ಬೇಡ ಎಂದಾಗ ನಮಗೆ ನೆನಪಾಗುವುದು ವೀಣೆ. ಮಿತಿಮೀರಿ ಸಾಧನೆ ಮಾಡಿ ಸೋತಿದ್ದ ಸೋಣನೆಂಬ ಭಿಕ್ಷುವಿಗೆ ಬುದ್ಧ ಕೊಟ್ಟ ಉಪಮೆ ಅದು: ತಂತಿ ಬಿಗಿದರೂ ಸಡಿಲಿಸಿದರೂ ನಾದವಿಲ್ಲ. ಬಹಳ ದಿನ ಈ ಘಟನೆಯನ್ನು ನಾನು ಆ ಉಪಮೆಯಲ್ಲಿಟ್ಟೇ ಅರ್ಥ ಮಾಡಿಕೊಳ್ಳಲು ನೋಡಿದೆ. ಆದರೆ ಅದು ಇಲ್ಲಿ ಹೊಂದುವುದಿಲ್ಲ. ಸೋಣ ಶ್ರುತಿ ಮಾಡಬೇಕಿದ್ದದ್ದು ತನ್ನನ್ನೇ. ತಪ್ಪಿದರೆ ನೋವು ಅವನದೇ. ನನ್ನ ದಾರಕ್ಕೆ ಎರಡು ತುದಿ. ಶ್ರುತಿ ಮಾಡುವವನು ಒಂದು ಕಡೆ, ಅದರ ಫಲ ಉಣ್ಣುವ ಜೀವ ಇನ್ನೊಂದು ಕಡೆ. ನನಗೆ ಹಿತವೆನಿಸಿದ ಸಡಿಲತೆ ಆ ತುದಿಯಲ್ಲಿ ಅರ್ಧ ಗಂಟೆಯ ಸಾವಾಗಿತ್ತು. ಮೃದುವಾಗಿದ್ದೇನೆ ಎಂಬ ನೆಮ್ಮದಿಯನ್ನು ನಾನು ನನಗಾಗಿ ಕೊಂಡಿದ್ದೆ, ಬೆಲೆಯನ್ನು ಮೀನು ತೆತ್ತಿತ್ತು.

ನಾವು ಮನುಷ್ಯರೊಂದಿಗೂ ಹೀಗೇ ಮಾಡುತ್ತೇವಲ್ಲ ಎನಿಸಿತು. ಬೇಡ ಎಂದು ಹೇಳಲು ಮನಸ್ಸಾಗದೆ ಒಬ್ಬರನ್ನು ವರ್ಷಗಟ್ಟಲೆ ಕಾಯಿಸುತ್ತೇವೆ. ಪ್ರಬಂಧ ಚೆನ್ನಾಗಿಲ್ಲ ಎಂದು ಸ್ನೇಹಿತನಿಗೆ ಹೇಳದೆ ಇನ್ನೂ ಆರು ತಿಂಗಳು ಅದರಲ್ಲೇ ಬೇಯಲು ಬಿಡುತ್ತೇವೆ. ನೋಯಿಸಬಾರದೆಂದು ಸುಮ್ಮನಿದ್ದೆ ಎನ್ನುತ್ತೇವೆ. ಆ ಎಳೆತ ಇನ್ನೊಂದು ತುದಿಯಲ್ಲಿ ಎಷ್ಟು ಪೌಂಡ್ ತೂಗುತ್ತಿದೆ ಎಂದು ತಕ್ಕಡಿ ಹಿಡಿದು ನೋಡಿರುವುದಿಲ್ಲ.

ಈಗ ನನ್ನ ಬಳಿ ತಕ್ಕಡಿಯಿದೆ. ಮೀನು ಬೇಗ ಕೈಗೆ ಬರುತ್ತದೆ, ಬೇಗ ಹೋಗುತ್ತದೆ. ಆದರೂ ಅಮ್ಮನ ಪ್ರಶ್ನೆಗೆ ಇದು ಉತ್ತರವಲ್ಲ. ಈ ಮೀನಿನ ಲೆಕ್ಕ ಇಡುವ ಅಟ್ಲಾಂಟಿಕ್ ರಾಜ್ಯಗಳ ಆಯೋಗ, ಬಿಟ್ಟ ಮೀನುಗಳಲ್ಲಿ ನೂರಕ್ಕೆ ಒಂಬತ್ತು ಸಾಯುತ್ತವೆ ಎಂದು ಹಿಡಿಯುತ್ತದೆ. ಕೆಲವು ವರ್ಷಗಳಲ್ಲಿ ಹವ್ಯಾಸಿಗಳು ಇಟ್ಟುಕೊಂಡ ಮೀನುಗಳಿಗಿಂತ ಹೀಗೆ ಬಿಟ್ಟು ಸತ್ತವೇ ಹೆಚ್ಚು. ಡ್ರ್ಯಾಗ್ ಎಷ್ಟೇ ಸರಿಯಿರಲಿ, ನೂರು ಮೀನು ಹಿಡಿದು ಬಿಟ್ಟರೆ ಕೆಲವನ್ನು ಕೊಂದಿರುತ್ತೇನೆ, ನಾನು ನೋಡದ ಕಡೆ. ತಿನ್ನಲು ಹಿಡಿಯುತ್ತಿದ್ದ ಅಪ್ಪನಿಗೆ ತಾನು ಎಷ್ಟು ಕೊಂದೆ ಎನ್ನುವುದು ಬುಟ್ಟಿಯಲ್ಲಿ ಕಾಣುತ್ತಿತ್ತು.

ಪೂರ್ತಿ ನಿಲ್ಲಿಸಬೇಕೆಂದು ಕೆಲವು ದಿನ ಅನಿಸುತ್ತದೆ. ನಿಲ್ಲಿಸಿಲ್ಲ. ಕತ್ತಲಿನ ನೀರಿನಲ್ಲಿ ನಿಂತು ದಾರದ ತುದಿಯಲ್ಲಿ ಇನ್ನೊಂದು ಜೀವ ಮಿಡಿಯುವುದು ತಿಳಿಯುವ ಆ ಕ್ಷಣ ನನಗೆ ಬೇಕು. ಇದಕ್ಕಿಂತ ಘನವಾದ ಕಾರಣ ನನ್ನಲ್ಲಿಲ್ಲ ಎನ್ನುವುದನ್ನು ಒಪ್ಪಿಕೊಂಡಿದ್ದೇನೆ. ಹಾಗಾಗಿ ಈಗ ಹೊರಡುವ ಹಿಂದಿನ ರಾತ್ರಿ ಎರಡು ಕೆಲಸ ಮಾಡುತ್ತೇನೆ. ತಕ್ಕಡಿಗೆ ದಾರ ಕಟ್ಟಿ ಡ್ರ್ಯಾಗ್ ಅಳೆಯುತ್ತೇನೆ. ಎಷ್ಟು ಮೀನಿಗೆ ನಿಲ್ಲಿಸಬೇಕು ಎಂದು ಒಂದು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಕೊಳ್ಳುತ್ತೇನೆ: ಎರಡು. ಇಟ್ಟುಕೊಳ್ಳುವ ಅಳತೆಯದು ಮೊದಲೇ ಸಿಕ್ಕರೆ ಒಂದು, ಅದನ್ನು ತಂದು ಸಾರು ಮಾಡುತ್ತೇನೆ. ಜುಲೈ ಕೊನೆಗೆ ನೀರು ಬೆಚ್ಚಗಾದ ಮೇಲೆ ಸೊನ್ನೆ. ಮೀನು ಕಚ್ಚುತ್ತಿರುವಾಗ ಆ ಚೀಟಿ ತಿದ್ದಬೇಕೆನಿಸುತ್ತದೆ, ಪ್ರತಿ ಸಲವೂ. ಮುದುಕರ ಮಾತು ಆಗ ಉಪಯೋಗಕ್ಕೆ ಬರುತ್ತದೆ.

ಮೊನ್ನೆ ಅಮ್ಮನಿಗೆ ಸಾರಿನ ಫೋಟೊ ಕಳಿಸಿದೆ. ಹುಳಿ ಕಡಿಮೆಯಾಗಿದೆ, ಬಣ್ಣ ನೋಡಿದರೇ ಗೊತ್ತಾಗುತ್ತದೆ ಎಂದರು. ಬಿಟ್ಟ ಮೀನುಗಳ ಬಗ್ಗೆ ಕೇಳಲಿಲ್ಲ. ನಾನೇ ಹೇಳಿದೆ.