ಸೊಂಟ ನೋವು ಯಾರ ತಪ್ಪು?

ಪಿಎಚ್.ಡಿ.ಯ ಮೂರನೇ ವರ್ಷದಲ್ಲಿ ನನಗೆ ಸೊಂಟ ನೋವು ಅಂಟಿಕೊಂಡಿತು. ಮೊದಲು ಬೆಳಿಗ್ಗೆ ಏಳುವಾಗ ಮಾತ್ರ ಇತ್ತು. ಆಮೇಲೆ ಬಕೆಟ್ ಎತ್ತುವಾಗ, ಬಸ್ಸಿನ ಮೆಟ್ಟಿಲು ಇಳಿಯುವಾಗ, ಕೊನೆಗೆ ಸೀನಿದರೂ ಸೊಂಟ ಹಿಡಿದುಕೊಳ್ಳುವಂತಾಯಿತು. ನಾಲ್ಕು ತಿಂಗಳು ಮುಲಾಮು ಹಚ್ಚಿ ಹಚ್ಚಿ ಸಾಕಾಗಿ ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. 'ದಿನಕ್ಕೆ ಎಷ್ಟು ಹೊತ್ತು ಕೂತಿರ್ತೀರಿ?' ಎಂದರು. ಹತ್ತು ಗಂಟೆ ಎಂದೆ. 'ಹೇಗೆ ಕೂರ್ತೀರಿ?' ಹಾಸ್ಟೆಲ್ ಮಂಚದ ಮೇಲೆ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಎನ್ನುವಷ್ಟರಲ್ಲಿ ನನ್ನ ದನಿ ತಗ್ಗಿಹೋಗಿತ್ತು. ಜ್ವರ ಬಂದವರು ಡಾಕ್ಟರ ಮುಂದೆ ಹೀಗೆ ತಲೆ ತಗ್ಗಿಸುವುದನ್ನು ನಾನು ಕಂಡಿಲ್ಲ. ಸೊಂಟ ನೋವಿನವರು ಮಾತ್ರ ಹೋಂವರ್ಕ್ ಮಾಡದೆ ಬಂದ ಮಕ್ಕಳ ಹಾಗೆ ನಿಲ್ಲುತ್ತೇವೆ.

ಅವರು ಕೊಟ್ಟ ಸಲಹೆಯಲ್ಲಿ ತಪ್ಪೇನೂ ಇರಲಿಲ್ಲ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ, ಒಂದೇ ಭಂಗಿಯಲ್ಲಿ ಬಹಳ ಹೊತ್ತು ಇರಬೇಡಿ, ದಿನಾ ನಡೆಯಿರಿ, ನೋವು ಬಂತೆಂದು ಹಾಸಿಗೆ ಹಿಡಿಯಬೇಡಿ. ಮಲಗಿ ಮಂಡಿ ಮಡಚಿ ಸೊಂಟ ಎತ್ತುವ ಒಂದು ವ್ಯಾಯಾಮವನ್ನೂ ಹೇಳಿಕೊಟ್ಟರು. ಎರಡು ತಿಂಗಳಲ್ಲಿ ಮುಕ್ಕಾಲು ಪಾಲು ನೋವು ಇಳಿಯಿತು. (ಕಾಲು ಜೋಮು ಹಿಡಿದು ಬಲ ಕಳೆದುಕೊಂಡರೆ, ಮೂತ್ರದ ಮೇಲೆ ಹಿಡಿತ ತಪ್ಪಿದರೆ, ನೋವಿನ ಜೊತೆ ಜ್ವರವಿದ್ದರೆ ಮಾತ್ರ ವ್ಯಾಯಾಮ ಮಾಡುತ್ತ ಕಾಯಬಾರದು, ತಕ್ಷಣ ಆಸ್ಪತ್ರೆಗೆ ಹೋಗಬೇಕು.)

ನಮ್ಮ ವಿಭಾಗದ ಕಾರಿಡಾರ್ ಗುಡಿಸುವ ಅಕ್ಕ ಒಂದು ದಿನ ನಾನು ಗೋಡೆ ಹಿಡಿದು ನಿಂತಿದ್ದನ್ನು ಕಂಡು, 'ನಿಮ್ಗೂ ಬಂತಾ ಮೇಡಂ?' ಎಂದು ಕೇಳಿದ್ದರು. ಅವರಿಗೆ ಅದು ಆರು ವರ್ಷದ ಹಳೆಯ ನೋವು. ಫಿಸಿಯೋ ಏನಂದರು ಎಂದು ಕೇಳಿದರು. ನಾನು ಉತ್ಸಾಹದಿಂದ ಎಲ್ಲವನ್ನೂ ಹೇಳಿದೆ. ಅರ್ಧ ಗಂಟೆಯ ಮಾತು ಬಂದಾಗ ಅವರು ನಕ್ಕರು. 'ನಾನು ಅರ್ಧ ಗಂಟೆಗೊಂದ್ಸಲ ಸೊಂಟ ನೆಟ್ಟಗೆ ಮಾಡ್ಕೊಂಡು ನಿಂತ್ರೆ ಸೂಪರ್‌ವೈಸರ್ ಬಿಡ್ತಾನಾ?'

ನಾಚಿಕೆಯಾಗಿ ಒಂದು ಉದ್ದ ಕೋಲಿನ ಪೊರಕೆ ತಂದುಕೊಟ್ಟೆ. ಮೂರೇ ದಿನಕ್ಕೆ ಅದು ನನ್ನ ಮೇಜಿನ ಪಕ್ಕಕ್ಕೆ ವಾಪಸ್ ಬಂತು. ಮೂಲೆಯ ಕಸ ಬರುವುದಿಲ್ಲ ಎಂಬುದು ಒಂದು ಕಾರಣ. ಇನ್ನೊಂದನ್ನು ಅವರು ಮೆಲ್ಲಗೆ ಹೇಳಿದರು. 'ಇದ್ರಲ್ಲಿ ಗುಡಿಸಿದ್ರೆ ನಿಂತ್ಕೊಂಡು ಕಾಲ ಕಳೀತಿದೀಯ ಅಂತಾರೆ.'

ಬಗ್ಗಿದ ಬೆನ್ನೇ ಕೆಲಸಕ್ಕೆ ಸಾಕ್ಷಿ ಎಂಬ ಈ ಲೆಕ್ಕ ನಮ್ಮ ಕಾರಿಡಾರಿಗೆ ಮಾತ್ರ ಸೇರಿದ್ದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲೆಟಿಸ್ ಸೊಪ್ಪಿನ ಹೊಲಗಳ ಕೂಲಿಗಳಿಗೆ, ಬಹುಪಾಲು ಮೆಕ್ಸಿಕೋ ಮೂಲದವರಿಗೆ, ಗಿಡ್ಡ ಕಾವಿನ ಗುದ್ದಲಿ ಕೊಡುತ್ತಿದ್ದರು. ಅವರು ಅದನ್ನು 'ಎಲ್ ಕೊರ್ತಿತೊ', ಅಂದರೆ ಗಿಡ್ಡ, ಎಂದು ಕರೆಯುತ್ತಿದ್ದರು. ಅದನ್ನು ಹಿಡಿದು ದಿನವಿಡೀ ಎರಡಾಗಿ ಬಗ್ಗಿಯೇ ಇರಬೇಕು. ರೈತ ಕೂಲಿಗಳ ನಾಯಕ ಸೀಸರ್ ಚಾವೇಜ್ ಕೂಡ ಅದರಲ್ಲಿ ದುಡಿದವರೇ, ಬೆನ್ನು ನೋವಿನಲ್ಲಿ ನರಳಿದವರೇ. ಉದ್ದ ಕಾವು ಕೊಟ್ಟರೆ ಸಸಿ ಹಾಳಾಗುತ್ತದೆ ಎಂದು ಜಮೀನಿನ ಮಾಲೀಕರು ವಾದಿಸಿದರು. ಕೂಲಿಗಳಿಗೆ ಗೊತ್ತಿದ್ದ ಕಾರಣ ಬೇರೆ: ಗುದ್ದಲಿ ಗಿಡ್ಡವಾಗಿದ್ದರೆ ಯಾರು ಕೆಲಸ ನಿಲ್ಲಿಸಿ ನೆಟ್ಟಗಾದರು ಎಂಬುದು ಮೇಸ್ತ್ರಿಗೆ ದೂರದಿಂದಲೇ ಕಾಣುತ್ತದೆ. ವೈದ್ಯರು ಸಾಕ್ಷಿ ಹೇಳಿದರು, ಮೊಕದ್ದಮೆ ಆ ರಾಜ್ಯದ ಸುಪ್ರೀಂ ಕೋರ್ಟ್ ತನಕ ಹೋಯಿತು, 1975ರಲ್ಲಿ ಆ ಗುದ್ದಲಿಗೆ ನಿಷೇಧ ಬಂತು. ಲೆಟಿಸ್ ಬೆಳೆಯುವುದೇನೂ ನಿಲ್ಲಲಿಲ್ಲ. ಆದರೆ ಗುದ್ದಲಿ ಹೋದ ಮೇಲೂ ಬರಿಗೈಯಲ್ಲಿ ಬಗ್ಗಿ ಕಳೆ ಕೀಳಿಸುವುದು ಉಳಿಯಿತು. ಅದಕ್ಕೆ ಕಡಿವಾಣ ಹಾಕುವ ನಿಯಮ ಬರಲು 2004ರವರೆಗೆ ಕಾಯಬೇಕಾಯಿತು.

ನಮ್ಮ ಹತ್ತಿರದ ಉದಾಹರಣೆ ಕೇರಳದ್ದು. ಅಲ್ಲಿ ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳು ದಿನವಿಡೀ ನಿಂತೇ ಇರಬೇಕಿತ್ತು, ಗಿರಾಕಿ ಇಲ್ಲದಾಗಲೂ ಕೂರುವಂತಿರಲಿಲ್ಲ. ಅವರು ಹೋರಾಡಿ 2018ರಲ್ಲಿ ಕೂರುವ ಹಕ್ಕನ್ನು ಕಾನೂನಿನಲ್ಲಿ ಬರೆಸಿದರು. 2021ರಲ್ಲಿ ತಮಿಳುನಾಡೂ ಅಂಥದೇ ಕಾನೂನು ಮಾಡಿತು. ಒಂದು ಕಡೆ ನೆಟ್ಟಗೆ ನಿಲ್ಲಲು, ಇನ್ನೊಂದು ಕಡೆ ಕೂರಲು ಜಗಳ. ಎರಡೂ ಕಡೆ ಕೇಳಿದ್ದು ನನ್ನ ಫಿಸಿಯೋ ಪುಕ್ಕಟೆ ಕೊಟ್ಟ ಸಲಹೆಯನ್ನೇ: ಮೈ ಬೇಡಿದಾಗ ಭಂಗಿ ಬದಲಿಸಿಕೊಳ್ಳುವುದು. ನನಗೆ ಅದು ಅಭ್ಯಾಸದ ಮಾತು. ಫೋನಿನಲ್ಲಿ ಅಲಾರಂ ಇಟ್ಟುಕೊಂಡರೆ ಮುಗಿಯಿತು. ಅಕ್ಕನಿಗೆ ಅದು ಅಪ್ಪಣೆಯ ಮಾತು. ಹಾಗಿರುವಾಗ ಇಬ್ಬರಿಗೂ 'ನಿಮ್ಮ ಬೆನ್ನು ನಿಮ್ಮ ಜವಾಬ್ದಾರಿ' ಎಂದು ಒಂದೇ ಉಸಿರಿನಲ್ಲಿ ಹೇಳುವುದು ನ್ಯಾಯವೇ?

ಇಲ್ಲಿ ನನ್ನ ಮೇಲೆ ನನಗೇ ಒಂದು ಆಕ್ಷೇಪವಿದೆ. ಎಲ್ಲವನ್ನೂ ವ್ಯವಸ್ಥೆಯ ತಲೆಗೆ ಕಟ್ಟುವುದು ಸಂಶೋಧನಾ ವಿದ್ಯಾರ್ಥಿಗಳ ಚಾಳಿ. ವ್ಯವಸ್ಥೆ ಬದಲಾಗುವ ತನಕ ಅಕ್ಕನ ಸೊಂಟ ಕಾಯುವುದಿಲ್ಲ. ರಾತ್ರಿ ಮಲಗುವ ಮುಂಚೆ ಮಾಡಲು ನಾನು ಹೇಳಿಕೊಟ್ಟ ಆ ವ್ಯಾಯಾಮದಿಂದ ಅವರಿಗೂ ಒಂದಿಷ್ಟು ಹಗುರಾಗಿದೆ. ಅದನ್ನು ಸಣ್ಣದೆನ್ನಲಾರೆ. ಆದರೆ ನೋವು ಇಳಿಸಿಕೊಳ್ಳುವ ದಾರಿ ನನ್ನ ಕೈಯಲ್ಲಿದೆ ಎಂದ ಮಾತ್ರಕ್ಕೆ ನೋವು ಬಂದದ್ದು ನನ್ನ ತಪ್ಪಿನಿಂದ ಎಂದಾಗುವುದಿಲ್ಲ. ನಾವು ಎಡವುವುದು ಇಲ್ಲೇ. ಪರಿಹಾರ ಹೇಳುತ್ತ ಹೇಳುತ್ತ ತೀರ್ಪನ್ನೂ ಕೊಟ್ಟುಬಿಡುತ್ತೇವೆ.

ಆ ತೀರ್ಪಿಗೆ ವೈದ್ಯಶಾಸ್ತ್ರದ ಬೆಂಬಲವೂ ಅಷ್ಟಾಗಿ ಇಲ್ಲ. ಬಹುಪಾಲು ಸೊಂಟ ನೋವಿಗೆ ಇದೇ ಕಾರಣ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಕೂರುವುದು, ಬಗ್ಗುವುದು, ಭಾರ ಎತ್ತುವುದು, ನಿದ್ದೆಗೇಡು, ಚಿಂತೆ ಎಲ್ಲವೂ ಅದರಲ್ಲಿ ಕಲಸಿಕೊಂಡಿರುತ್ತವೆ. ಬೋಯಿಂಗ್ ವಿಮಾನ ಕಾರ್ಖಾನೆಯ ಮೂರು ಸಾವಿರದಷ್ಟು ಕೆಲಸಗಾರರ ಮೇಲೆ ನಡೆದು 1991ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತಮ್ಮ ಕೆಲಸ ಹೆಚ್ಚುಕಡಿಮೆ ಎಂದೂ ಖುಷಿ ಕೊಡುವುದಿಲ್ಲ ಎಂದವರು, ಹೆಚ್ಚುಕಡಿಮೆ ಸದಾ ಖುಷಿ ಕೊಡುತ್ತದೆ ಎಂದವರಿಗಿಂತ ಎರಡೂವರೆ ಪಟ್ಟು ಹೆಚ್ಚಾಗಿ ಬೆನ್ನಿನ ತೊಂದರೆ ವರದಿ ಮಾಡಿದ್ದರು. ಸ್ಕ್ಯಾನ್ ಮಾಡಿಸಿದರೆ ಎಲ್ಲ ಗೊತ್ತಾಗುತ್ತದೆ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಬೆನ್ನು ನೋವೇ ಇಲ್ಲದ 98 ಜನರಿಗೆ ಎಂಆರ್‌ಐ ಮಾಡಿ ನೋಡಿದ 1994ರ ಅಧ್ಯಯನದಲ್ಲಿ, ಎಲ್ಲ ಡಿಸ್ಕುಗಳೂ ಸರಿಯಾಗಿದ್ದವರು ನೂರಕ್ಕೆ 36 ಮಂದಿ ಮಾತ್ರ. ಚಿತ್ರದಲ್ಲಿ ಊನವಿದ್ದೂ ನೋವಿಲ್ಲದೆ ಇರಬಹುದು. ಚಿತ್ರ ಚೊಕ್ಕವಾಗಿದ್ದೂ ನೋವು ಜೀವ ಹಿಂಡಬಹುದು. ಹಾಗಾಗಿ ಕೊನೆಗೆ ಉಳಿಯುವುದು ನೋಯುವವರ ಮಾತು. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ತನ್ನ ವ್ಯಾಖ್ಯೆಯನ್ನು ತಿದ್ದಿದಾಗ, ನೋವಾಗುತ್ತಿದೆ ಎಂದು ಒಬ್ಬರು ಹೇಳಿದರೆ ಆ ಮಾತನ್ನು ಗೌರವಿಸಬೇಕು ಎಂದು ಟಿಪ್ಪಣಿಯಲ್ಲೇ ಸೇರಿಸಿತು. ವಿಜ್ಞಾನಿಗಳ ಸಂಘವೊಂದು ವ್ಯಾಖ್ಯೆಯೊಳಗೆ 'ಗೌರವ' ಎಂಬ ಪದವನ್ನು ತರಬೇಕಾಗಿ ಬಂದದ್ದು ನನಗೆ ಈಗಲೂ ಸೋಜಿಗ.

ಹೋದ ತಿಂಗಳು ಅಕ್ಕ ಎರಡು ದಿನ ಬರಲಿಲ್ಲ. ಮೂರನೇ ದಿನ ಬಂದವರ ಕೈಯಲ್ಲಿ ಒಂದು ದೊಡ್ಡ ಕವರ್ ಇತ್ತು. ರಜೆಗೆ ಡಾಕ್ಟರ ಚೀಟಿ ಕೇಳಿದ್ದರಂತೆ. ಡಾಕ್ಟರು ಎಕ್ಸ್‌ರೇ ತೆಗೆಸಿ, ಏನೂ ಇಲ್ಲ ಎಂದು ಬರೆದುಕೊಟ್ಟಿದ್ದರು. ಏನೂ ಇಲ್ಲದ್ದಕ್ಕೆ ರಜೆ ಯಾಕೆ ಎಂದು ಎರಡು ದಿನದ ಸಂಬಳ ಹಿಡಿದರು. ಅಕ್ಕ ಕವರನ್ನು ಕಿಟಕಿಯ ಮೇಲಿಟ್ಟು ಪೊರಕೆ ಎತ್ತಿಕೊಳ್ಳುತ್ತ ಕೇಳಿದರು, 'ನಿಮ್ ಎಕ್ಸ್‌ರೇಲಿ ಏನಾದ್ರೂ ಬಂದಿತ್ತಾ ಮೇಡಂ?'

ನಾನು ಎಕ್ಸ್‌ರೇ ತೆಗೆಸಿಯೇ ಇರಲಿಲ್ಲ. ಸೊಂಟ ನೋವು ಸಾರ್ ಎಂದಿದ್ದೆ ಅಷ್ಟೇ. ನನ್ನ ಮಾರ್ಗದರ್ಶಕರು ಕೂತಲ್ಲೇ ಒಂದು ಕುರ್ಚಿ ಎಳೆದುಕೊಟ್ಟು, ಅಧ್ಯಾಯ ಎರಡು ವಾರ ತಡವಾದರೂ ಚಿಂತೆಯಿಲ್ಲ ಎಂದಿದ್ದರು.