ಲಕೋಟೆಯಲ್ಲಿ ಉಳಿದ ಮತ

ಚುನಾವಣೆ ಬಂತೆಂದರೆ ನಮ್ಮಂಥ ಶಿಕ್ಷಕಿಯರಿಗೆ ಎರಡು ಚಿಂತೆ. ಡ್ಯೂಟಿಯ ಆದೇಶ ಯಾವ ತಾಲ್ಲೂಕಿಗೆ ಬರುತ್ತದೋ ಎಂಬುದೊಂದು. ರಾತ್ರಿ ಉಳಿಯುವ ಶಾಲೆಯಲ್ಲಿ ಕದವಿರುವ ಬಚ್ಚಲು ಇದೆಯೋ ಇಲ್ಲವೋ ಎಂಬುದು ಇನ್ನೊಂದು. ಎರಡನೆಯದರ ಬಗ್ಗೆ ಯಾವ ತರಬೇತಿಯಲ್ಲೂ ಒಂದು ಮಾತಿಲ್ಲ. ಮಟಕಿಯಿಂದ ಹೊರಡುವಾಗ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದು ತಂಬಿಗೆ ಕಟ್ಟಿಕೊಂಡೇ ಹೊರಡುತ್ತೇನೆ. ಅಷ್ಟು ದಿನದ ಓಡಾಟಕ್ಕೆ ಸಿಗುವ ಭತ್ಯೆಯಲ್ಲಿ ಒಂದು ಒಳ್ಳೆಯ ಇಳಕಲ್ ಸೀರೆಯೂ ಬಾರದು. ಆದರೂ ಕೈಗೆ ಬಂದ ದುಡ್ಡು ದುಡ್ಡೇ ಅಲ್ಲವೇ? ಎಣಿಸಿಯೇ ಪರ್ಸಿನಲ್ಲಿಡುತ್ತೇವೆ.

2023ರ ಮೇ 10ರ ವಿಧಾನಸಭಾ ಚುನಾವಣೆಗೆ ನನ್ನನ್ನು ಮತಗಟ್ಟೆ ಅಧಿಕಾರಿಯಾಗಿ ಅಫಜಲಪುರದ ಕಡೆ, ಭೀಮಾ ದಂಡೆಯ ಒಂದು ಹಳ್ಳಿಗೆ ಹಾಕಿದ್ದರು. ಬೆಳಗಿನ ಐದೂವರೆಗೆ ಏಜೆಂಟರ ಮುಂದೆ ಐವತ್ತು ಅಣಕು ಮತ ಹಾಕಿಸಿ, ಅಳಿಸಿ, ಯಂತ್ರಕ್ಕೆ ಸೀಲು ಹಾಕಿ ಏಳಕ್ಕೆ ಬಾಗಿಲು ತೆರೆದೆವು. ಬಿಸಿಲೇರುವ ಮೊದಲೇ ಮುಗಿಸಿಕೊಳ್ಳಬೇಕೆಂದು ಹೆಂಗಸರ ಸಾಲು ಅಂಗಳ ದಾಟಿತ್ತು. ಎಲ್ಲರದೂ ತಲೆಯ ಮೇಲೆ ಸೆರಗು. ನಮ್ಮ ಮೊದಲನೆಯ ಅಧಿಕಾರಿ ಕ್ರಮಸಂಖ್ಯೆ ಕೂಗುವುದು, ಏಜೆಂಟರು ಗೋಣು ಹಾಕುವುದು, ಎರಡನೆಯವರು ರಿಜಿಸ್ಟರಿನಲ್ಲಿ ಸಹಿ ಇಲ್ಲವೆ ಹೆಬ್ಬೆಟ್ಟು ಪಡೆದು ಬೆರಳಿಗೆ ಶಾಯಿ ಹಚ್ಚುವುದು. ಗಾಣದ ಎತ್ತಿನ ಹಾಗೆ ಕೆಲಸ ಸಾಗಿತ್ತು. ನಾನು ಹಿಂದೆ ಕುಳಿತು ನಮೂನೆಗಳನ್ನು ತುಂಬುತ್ತಿದ್ದೆ. ಮುಖ ನೋಡುತ್ತಿದ್ದೆನೇ? ಇಲ್ಲ.

ಹನ್ನೊಂದೂವರೆಯ ಸುಮಾರಿಗೆ ಆಕೆ ಬಂದಳು. ನಲವತ್ತೈದರ ಆಸುಪಾಸು. ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋದವಳು, ಓಟು ಹಾಕಲೆಂದೇ ರಾತ್ರಿ ಬಸ್ಸಿಗೆ ಬಂದಿದ್ದಳು. ಪಟ್ಟಿಯಲ್ಲಿ ಅವಳ ಹೆಸರಿಗೆ ಆಗಲೇ ಗೆರೆ ಬಿದ್ದಿತ್ತು, ರಿಜಿಸ್ಟರಿನಲ್ಲಿ ಹೆಬ್ಬೆಟ್ಟೂ ಇತ್ತು.

"ನಾ ಈಗ ಬರಾಕತ್ತೀನ್ರಿ ಅಕ್ಕೋರ, ಯಾರು ಹಾಕ್ಯಾರ?" ಎಂದು ಎಡಗೈ ಎತ್ತಿದಳು. ಸಿಮೆಂಟಿಗೆ ಬಿರಿದ ಬೆರಳು. ಕಪ್ಪು ಇರಲಿಲ್ಲ. ಬೆಳಿಗ್ಗೆ ಗೋಣು ಹಾಕಿದ್ದ ಏಜೆಂಟರು ಈಗ ತಮ್ಮ ತಮ್ಮ ಹಾಳೆಗಳನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದರು.

ಗುರುತಿನ ಚೀಟಿ ನೋಡಿದೆ, ಗಂಡನ ಹೆಸರು, ಮನೆ, ವಯಸ್ಸು ಕೇಳಿದೆ. ಎಲ್ಲ ಸರಿ. ಇಂಥ ಸಂದರ್ಭಕ್ಕೆ 1961ರ ಚುನಾವಣಾ ನಿಯಮಗಳಲ್ಲಿ 49ಪಿ ಎಂಬ ನಿಯಮವಿದೆ. ಇಂಥವರಿಗೆ ಯಂತ್ರವಿಲ್ಲ. ಹಿಂದೆ ಟೆಂಡರ್ ಮತವೆಂದು ಬರೆದ ಕಾಗದದ ಮತಪತ್ರ ಕೊಟ್ಟು, 17ಬಿ ನಮೂನೆಯಲ್ಲಿ ಸಹಿ ಪಡೆದು, ಹಳೆಯ ಕಾಲದ ಹಾಗೆ ಮುದ್ರೆ ಒತ್ತಿಸಿ, ಬೇರೆ ಲಕೋಟೆಯಲ್ಲಿಡಬೇಕು. ಆ ಲಕೋಟೆಯನ್ನು ಎಣಿಕೆಯ ದಿನ ತೆರೆಯುವುದಿಲ್ಲ. ಯಾರಾದರೂ ಹೈಕೋರ್ಟಿಗೆ ಚುನಾವಣಾ ತಕರಾರು ಒಯ್ದು, ನ್ಯಾಯಾಲಯ ಹೇಳಿದರೆ ಮಾತ್ರ ಅದಕ್ಕೆ ಬೆಲೆ.

ಆಕೆ ಪರದೆಯ ಹಿಂದೆ ಹೋಗಿ ಮುದ್ರೆ ಒತ್ತಿ, ಮಡಚಿ ತಂದುಕೊಟ್ಟಳು. ಆಮೇಲೆ ಕೇಳಿದಳು, "ಇದೂ ಎಣಸ್ತಾರಲ್ರಿ?"

ನಾನು ಹೇಳಿದೆ: "ಇದನ್ನ ಸೀಲ್ ಮಾಡಿ ಕಳಸ್ತೀವವ್ವಾ. ಜ್ವಾಪಾನ ಇರ್ತದ."

ಆಕೆಯ ಮುಖ ಅರಳಿತು. "ಬೆರಳಿಗೆ ಹಚ್ರಿ, ಅಲ್ಲಿ ಮೇಸ್ತ್ರಿಗೆ ತೋರಿಸಬೇಕು. ಎರಡು ದಿನ ಎಲ್ಲಿ ಹೋಗಿದ್ದೀ ಅಂತಾನ" ಎಂದಳು. ಹಚ್ಚಿಸಿದೆ. ಮೈಸೂರಿನ ಬಣ್ಣದ ಕಾರ್ಖಾನೆಯಲ್ಲಿ 1962ರ ಚುನಾವಣೆಯಿಂದ ತಯಾರಾಗುತ್ತ ಬಂದ ಆ ಶಾಯಿ ತೊಳೆದರೆ ಹೋಗುವುದಿಲ್ಲ.

ನನ್ನ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಸೀಲು ಮಾಡಿದೆವು, ಕಳಿಸಿದೆವು, ಜೋಪಾನವಾಗಿಯೇ ಇದ್ದಿರಬೇಕು. ದ್ರೋಣರ ಮುಂದೆ ಆನೆಯ ಹೆಸರನ್ನು ಸಣ್ಣ ದನಿಯಲ್ಲಿ ಸೇರಿಸಿದ ಧರ್ಮರಾಯನನ್ನು ಹರೆಯದಲ್ಲಿ ನಾನು ಬಹಳ ಟೀಕಿಸಿದವಳು. ಅವನ ಮುಂದೆ ಕುರುಕ್ಷೇತ್ರವಿತ್ತು. ನನ್ನ ಮುಂದೆ ಇದ್ದದ್ದು ನಲವತ್ತು ಜನರ ಸಾಲು.

ನಿಯಮದ ಮೇಲೆ ನನಗೆ ಸಿಟ್ಟಿಲ್ಲ. ಯಂತ್ರದೊಳಗೆ ಹೋದ ಕಳ್ಳ ಮತ ಯಾವುದೆಂದು ಹೆಕ್ಕಿ ತೆಗೆಯುವಂತಿಲ್ಲ. ಎರಡನ್ನೂ ಎಣಿಸಿದರೆ ಒಂದು ಹೆಸರಿಗೆ ಎರಡು ಮತವಾಗುತ್ತದೆ. ಆ ಲಕೋಟೆ ಯಾವಾಗಲೂ ವ್ಯರ್ಥವೆಂದೂ ಅಲ್ಲ. 2004ರಲ್ಲಿ ನಮ್ಮ ರಾಜ್ಯದ ಸಂತೇಮರಹಳ್ಳಿಯಲ್ಲಿ ಒಂದೇ ಮತದಿಂದ ಗೆಲುವು ಸೋಲು ತೀರ್ಮಾನವಾಯಿತು. 2008ರಲ್ಲಿ ರಾಜಸ್ಥಾನದ ನಾಥದ್ವಾರದಲ್ಲಿಯೂ ಹಾಗೆಯೇ ಆಗಿ, ಟೆಂಡರ್ ಮತಗಳ ಮಾತು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಇಷ್ಟನ್ನಾದರೂ ಆಕೆಗೆ ಹೇಳಬಹುದಿತ್ತು. ಎರಡು ನಿಮಿಷದ ಮಾತು.

ಜೊತೆಗಿದ್ದ ಸಿಬ್ಬಂದಿ, "ಹೇಳಿದ್ದರೆ ಗದ್ದಲ ಆಗತಿತ್ತು ಮೇಡಂ, ಛಲೋ ಸಂಭಾಳಿಸಿದ್ರಿ" ಎಂದರು. ಮನೆಯಲ್ಲಿ ಯಜಮಾನರು, "ಆಕಿ ಖುಷಿಯಿಂದ ಹೋದಳಲ್ಲ, ಕೆಡಿಸಿ ಏನು ಸಿಗತಿತ್ತು?" ಎಂದರು. ಇದು ನಮಗೆ ಹೊಸ ತರ್ಕವೇನಲ್ಲ. ಮುದುಕರಿಂದ ಡಾಕ್ಟರ ಮಾತನ್ನು ಮುಚ್ಚಿಡುತ್ತೇವೆ, ತವರಿನವರಿಂದ ಗಂಡನ ಮನೆಯ ಕಷ್ಟ ಮುಚ್ಚಿಡುತ್ತೇವೆ. ಎಷ್ಟೋ ಸತ್ಯಗಳನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಓಡಾಡುವವರು ನಾವು. ಬಹಳ ದಿನ ನಾನೂ ಇದನ್ನು ಅದೇ ಗಂಟಿಗೆ ಸೇರಿಸಿಕೊಂಡಿದ್ದೆ.

ಆದರೆ ಲೆಕ್ಕ ಹೊಂದಲಿಲ್ಲ. ಮನೆಯಲ್ಲಿ ಮುಚ್ಚಿಟ್ಟಾಗ ಭಾರ ನನ್ನ ಹೆಗಲ ಮೇಲೆ. ಇಲ್ಲಿ ಮುಚ್ಚಿಟ್ಟದ್ದು ಆಕೆಯ ಸ್ವತ್ತು. ಗೊತ್ತಾಗಿದ್ದರೆ, ತನ್ನ ಹೆಸರಿನಲ್ಲಿ ಹೆಬ್ಬೆಟ್ಟು ಒತ್ತಿದವರು ಯಾರೆಂದು ಆಕೆ ಅಲ್ಲೇ ಕೂತು ಕೇಳಬಹುದಿತ್ತು. ಹಾಗೆ ಕೇಳಿದ್ದರೆ ಮೊದಲು ಉತ್ತರ ಹೇಳಬೇಕಾದವಳು, ಬೆಳಿಗ್ಗೆ ಮುಖ ನೋಡದೆ ಕುಳಿತಿದ್ದ ನಾನು. ನಾನು ಸಮಾಧಾನ ಮಾಡಿದ್ದು ಆಕೆಯನ್ನೋ, ನನ್ನನ್ನೋ? ಮೇಲಾಗಿ ಆಕೆ ಎರಡು ದಿನದ ಕೂಲಿ ಕಳೆದುಕೊಂಡು ಬಂದವಳು. ನಾನು ಆ ದಿನಕ್ಕೆ ಕೂಲಿ ಪಡೆದವಳು.

ನೋಡುವ ಕೆಲಸ ಸಣ್ಣದಲ್ಲವೆಂದು ನನಗೆ ತಿಳಿದೇ ಇತ್ತು. ಅದೇ ವರ್ಷದ ಫೆಬ್ರವರಿಯಲ್ಲಿ ನಮ್ಮ ಆಳಂದ ಕ್ಷೇತ್ರದಲ್ಲಿ, ಮತದಾರರ ಪಟ್ಟಿಯಿಂದ ಹೆಸರು ತೆಗೆಯಿರೆಂದು ಆನ್‌ಲೈನಿನಲ್ಲಿ ಬಂದ 6,018 ಅರ್ಜಿಗಳನ್ನು ಪರಿಶೀಲಿಸಿದರೆ, ಸರಿಯಾಗಿದ್ದವು 24 ಮಾತ್ರ! ಉಳಿದ 5,994 ತಿರಸ್ಕೃತವಾದವು, ಪೊಲೀಸು ದೂರೂ ಆಯಿತು. ಅಲ್ಲಿ ಯಾರೋ ನಿಂತು ನೋಡಿದ್ದರಿಂದ ಅಷ್ಟು ಜನರ ಹೆಸರು ಉಳಿಯಿತು.

2024ರ ಜೂನ್ 4ರಂದು ಲೋಕಸಭೆಯ ಎಣಿಕೆಗೆ ನನ್ನನ್ನು ಸಹಾಯಕಿಯಾಗಿ ಕರೆದರು. ಮೇಜಿಗೆ ಕಂಟ್ರೋಲ್ ಯುನಿಟ್ ಬರುತ್ತದೆ, ಜೊತೆಗೆ 17ಸಿ ನಮೂನೆ. ಅದರಲ್ಲಿ ಟೆಂಡರ್ ಮತಪತ್ರ ಎಷ್ಟು ಕೊಟ್ಟಿರೆಂದು ಒಂದು ಸಾಲಿದೆ. ಪ್ರತಿ ಸಲ ನನ್ನ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಏಜೆಂಟರಿಗೆ ಬೇಕಾದದ್ದು ಒಟ್ಟು ಮತ, ತಮ್ಮ ಅಭ್ಯರ್ಥಿಯ ಮತ. ಆ ಸಾಲನ್ನು ಯಾರೂ ಓದಿ ಹೇಳೆಂದು ಕೇಳಲಿಲ್ಲ. ಲಕೋಟೆಗಳಂತೂ ಮೇಜಿನವರೆಗೆ ಬರಲೇ ಇಲ್ಲ.

ಅದಕ್ಕೂ ಮೊದಲು, ಆ ಚುನಾವಣೆಯ ತರಬೇತಿಯಲ್ಲಿ ಎದ್ದು ನಿಂತು ಕೇಳಿದ್ದೆ: "ಟೆಂಡರ್ ಮತ ಎಣಿಕೆಗೆ ಬರುವುದಿಲ್ಲವೆಂದು ಮತದಾರರಿಗೆ ಹೇಳಬೇಕೋ, ಬೇಡವೋ?" ಹಿಂದಿನ ಬೆಂಚಿನಲ್ಲಿ ನಕ್ಕರು. ಊಟದ ಹೊತ್ತಾಗಿತ್ತು, ಪಾಪ. ತರಬೇತಿ ಕೊಡುವವರು ತುಸು ಯೋಚಿಸಿ, "ಅವರಾಗಿ ಕೇಳಿದರೆ ಹೇಳಿ ಮೇಡಂ. ಯಾರೂ ಕೇಳೋದಿಲ್ಲ" ಎಂದರು.

"ಒಬ್ಬಳು ಕೇಳಿದ್ದಳು" ಎಂದು ಹೇಳಿ ಕುಳಿತುಕೊಂಡೆ. ಅವರು ವಿವಿಪ್ಯಾಟ್ ಯಂತ್ರದ ಕಾಗದದ ಸುರುಳಿಯ ವಿಷಯಕ್ಕೆ ಹೋದರು.